ಟಿಕ್ ಟಿಕ್ ಅಂದ್ರ ವಾಚ್ ಛಲೋ ಅದ ಅಂತಲ್ಲ

ನಮ್ಮ ಗುಂಡಗುರ್ತಿ ಕಡಿ ಭಾಳ ಮನ್ಯಾಗ ಅಪ್ಪಂದೋ ಮಾವಂದೋ ಒಂದು ಚಾವಿ ಕೊಡೋ ಎಚ್‌ಎಂಟಿ ವಾಚ್ ಟ್ರಂಕಿನ್ಯಾಗ ಇರ್ತದ. ಈಗಿನ ಹುಡುಗರು ಅದನ್ನ ತಗದು, ಚಾವಿ ಕೊಟ್ಟು, "ಇನ್ನಾ ನಡೀತದ, ಏನೂ ಆಗಿಲ್ಲ" ಅಂತ ದಿನಾ ಕಟ್ಟಗೊಂಡು ತಿರಗತಾರ. ಒಂದಿನ ಚಾವಿ ಕೊಟ್ರ ಏನೂ ಆಗಲ್ಲರಿ. ಒಣಗಿದ ಎಣ್ಣಿ ಮ್ಯಾಲ ದಿನಾ ಓಡಸೋದೇ ಕೆಟ್ಟದ್ದು.

ಜನತಾ ವಾಚಿನ ಲೆಕ್ಕ ನೋಡ್ರಿ. ತಾಸಿಗಿ 18,000 ಬಡಿತ, ದಿನಕ್ಕ 4,32,000, ವರ್ಷಕ್ಕ 15 ಕೋಟಿಗಿಂತ ಜಾಸ್ತಿ. ಒಳಗಿನ ಗಾಲಿಗಳ ಉಕ್ಕಿನ ತುದಿ ಸೂಜಿಗಿಂತ ಸಣ್ಣ. ತಿಕ್ಕಾಟ ಆಗೋ ಜಾಗದಾಗ ಅಂತ ಒಟ್ಟು 17 ಕೆಂಪು ಹರಳು ಕೂಡಿಸ್ಯಾರ. ಹರಳು ಗಟ್ಟಿ ಖರೇ, ಆದ್ರ ಎಣ್ಣಿ ಒಣಗಿ ಅಂಟಾಗಿ ಧೂಳು ಹಿಡದ್ರ ಉಕ್ಕಿಗಿ ಸಾಣಿ ಹಿಡದಂಗ ಆಗ್ತದ. ಮುಚ್ಚಳ ತಗದಾಗ ಹರಳಿನ ಸುತ್ತ ಕೆಂಪನ ಪುಡಿ ಕಂಡ್ರ, ಅದು ಸವದ ಉಕ್ಕಿಂದು ಇರಬಹುದು. ವಾಡಿ, ಸೇಡಂದಾಗ ಸಿಮೆಂಟ್, ಶಹಾಬಾದದಾಗ ಪರಸಿ. ನಮ್ಮ ಕಡಿ ಧೂಳಿಗೇನು ಕಮ್ಮಿ?

ಗುಂಡಿ ಒತ್ತಿ ಸೆಕೆಂಡ್ ಎಣಸೋ ಕ್ರೋನೋಗ್ರಾಫ್ ವಾಚ್ ಇದ್ರಂತೂ ಇನ್ನಾ ಹುಷಾರಿರಬೇಕು. ಅದರಾಗ ಗಾಲಿ, ಸನ್ನಿ ಜಾಸ್ತಿ; ಮುಳ್ಳು ಸೊನ್ನಿಗಿ ಬರಬೇಕಾದ್ರ ಪ್ರತಿ ಸಲ ಒಂದು ಸಣ್ಣ ಸುತ್ತಿಗಿ ಬಡೀತದ.

"ಬಂದ್ ಬಿದ್ದಾಗ ತೋರಸಿದ್ರಾಯ್ತು, ಸುಮ್ಮ ರೊಕ್ಕ ಯಾಕ?" ಅಂತಾರ ಭಾಳ ಮಂದಿ. ಹೊಲಿಗಿ ಮಶಿನಿಗಿ ನಾವು ಬಂದ್ ಬಿದ್ದ ಮ್ಯಾಲ ಎಣ್ಣಿ ಬಿಡತೇವೇನು? ವಾಚು ಬಂದ್ ಬೀಳೋದ್ರಾಗ ಸವಿಯೋದೆಲ್ಲ ಸವದಿರ್ತದ. ಆಗ ತೊಳದು ಎಣ್ಣಿ ಹಾಕಿದ್ರ ಸಾಲದು, ಗಾಲೀನೇ ಬದಲಿ ಮಾಡಬೇಕು. ಗಾಲಿ ಎಲ್ಲಿಂದ ತರ್ತೀರಿ? ಜಪಾನಿನ ಸಿಟಿಜನ್ ಕಂಪನಿ ಜೋಡಿ ಬೆಂಗಳೂರಾಗ 1961ರಾಗ ಶುರುವಾದ ಎಚ್‌ಎಂಟಿ ವಾಚ್ ಕೆಲಸ ಮುಚ್ಚಲಕ 2016ರಾಗ ಸರ್ಕಾರ ಒಪ್ಪಿಗಿ ಕೊಟ್ಟದ. ಇನ್ನೊಂದು ಹಳೇ ವಾಚ್ ಬಿಚ್ಚೇ ತಗೀಬೇಕು.

ಹಂಗಂತ ಮಶಿನಿನ ಎಣ್ಣಿ, ಕೊಬ್ಬರಿ ಎಣ್ಣಿ ಮನ್ಯಾಗೇ ಬಿಡಬ್ಯಾಡ್ರಿ. ಅದು ಹರದು ಬಾಲದಂಥ ಸಣ್ಣ ಸ್ಪ್ರಿಂಗಿಗಿ ಹತ್ತಿದ್ರ ಸುರುಳಿ ಒಂದಕ್ಕೊಂದು ಅಂಟಿ ಟೈಮೇ ತಪ್ಪತದ. ದಿನಾ ಕಟ್ಟೋದಿದ್ರ ನಾಲ್ಕೈದು ವರ್ಷಕ್ಕೊಮ್ಮೆ ಬಲ್ಲವರ ಕಡಿ ಬಿಚ್ಚಿಸಿ, ತೊಳಸಿ, ವಾಚಿನ ಎಣ್ಣೀನೇ ಹಾಕಸರಿ. ಅದಾಗಲಿಲ್ಲಂದ್ರ ಚಾವಿ ಕೊಡದೆ ಒಣ ಜಾಗದಾಗ ಇಟ್ಟುಬಿಡ್ರಿ. ಸುಮ್ಮ ಕುಂತ ವಾಚನ್ನ ಮಮ್ಮಕ್ಕಳು ಮುಂದ ಓಡಸಬಹುದು, ಸವದದ್ದನ್ನ ಯಾರೂ ಓಡಸಲಕ ಬರಲ್ಲ.