ಹರಿಗೋಲು ಬಂತೋ, ಹೋಯಿತೋ?

ಆನೆಗೊಂದಿಯಲ್ಲಿ ತುಂಗಭದ್ರೆಯ ಮೇಲಿನ ಹರಿಗೋಲಿನ ಫೋಟೊ ನೋಡಿ. ಅದು ದಡಕ್ಕೆ ಬರುತ್ತಿದೆಯೋ, ದಡ ಬಿಡುತ್ತಿದೆಯೋ? ಹೇಳಲಾಗದು. ದುಂಡನೆಯ ಹರಿಗೋಲಿಗೆ ಹಿಂದು ಮುಂದು ಎಲ್ಲಿದೆ! ವಿಡಿಯೋ ಆದರೆ ಎರಡು ಕ್ಷಣ ಸಾಕು.

ಆದರೆ ಸೆಕೆಂಡಿಗೆ 25 ಚಿತ್ರಗಳಂತೆ ಒಂದು ಗಂಟೆಯ ವಿಡಿಯೋದಲ್ಲಿ 90,000 ಚಿತ್ರಗಳು. ಅದರಲ್ಲಿ ಹರಿಗೋಲನ್ನು ಹುಡುಕುವುದು ಹೇಗೆ? ಮದುವೆಯದಿರಲಿ, ಪಾಠದ್ದಿರಲಿ, ಪ್ರತಿ ದೃಶ್ಯಕ್ಕೂ ಹೆಸರಿನ ಚೀಟಿ ಬರೆಯುವವರಾರು? ಚೀಟಿಯಿಲ್ಲದ್ದು ಕಳೆದುಹೋದಂತೆಯೇ.

ಕಂಪ್ಯೂಟರು ಪಕ್ಕಪಕ್ಕದ ಚಿತ್ರಗಳನ್ನು ಹೋಲಿಸುತ್ತದೆ. ಬಣ್ಣಗಳು ದಿಢೀರನೆ ಬದಲಾದರೆ ಒಂದು ದೃಶ್ಯ ಮುಗಿಯಿತೆಂದು ಗೆರೆ ಎಳೆಯುತ್ತದೆ. ಪ್ರತಿ ದೃಶ್ಯದಿಂದ ಒಂದೆರಡು ಚಿತ್ರ ಆರಿಸಿ ಬಣ್ಣ, ಆಕಾರಗಳನ್ನು ಗುರುತು ಹಾಕಿಕೊಳ್ಳುತ್ತದೆ. ಬಣ್ಣವೊಂದನ್ನೇ ನಂಬಿದರೆ ಗಂಗಾವತಿಯ ಹಸಿರು ಭತ್ತದ ಗದ್ದೆಯೂ ಕ್ರಿಕೆಟ್ ಮೈದಾನವೂ ಒಂದೇ! ಹಾಗಾಗಿ ಯಾವ ಬಣ್ಣ ಚಿತ್ರದ ಯಾವ ಮೂಲೆಯಲ್ಲಿದೆ, ಮುಂದಿನ ಚಿತ್ರದಲ್ಲಿ ಎತ್ತ ಸರಿಯಿತು ಎಂಬ ಲೆಕ್ಕವೂ ಬೇಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 1997ರಲ್ಲೇ ತೋರಿಸಿದ ‘ವಿಡಿಯೋಕ್ಯೂ’ದಲ್ಲಿ ವಸ್ತುವನ್ನೂ ಅದು ಸಾಗುವ ದಾರಿಯನ್ನೂ ಗೀಚಿ ಹುಡುಕಬಹುದಿತ್ತು.

ಕ್ಯಾಮೆರಾ ಹಿಡಿದವರೇ ಹರಿಗೋಲಿನಲ್ಲಿ ಕೂತಿದ್ದರೆ? ಆಗ ಓಡುವುದು ದಡ, ಬಂಡೆ, ಮರಗಳೆಲ್ಲ. ಇಡೀ ಚಿತ್ರವೇ ಒಂದೇ ಕಡೆಗೆ ಸರಿದರೆ, ಸರಿದದ್ದು ಕ್ಯಾಮೆರಾ ಎಂದು ಕಂಪ್ಯೂಟರು ಮೊದಲು ಆ ಲೆಕ್ಕ ಕಳೆಯಬೇಕು.