ಬೆಸುಗೆಯೊಂದೇ ದುರಸ್ತಿಯಲ್ಲ

ಕೊಲ್ಲೂರಿಗೆ ಹೋಗುವ ಮುಂಬಯಿ ಕನ್ನಡಿಗರಲ್ಲಿ ಅನೇಕರು ದೇವಿಯ ದರ್ಶನವಾದ ಬಳಿಕ ಜೀಪು ಹಿಡಿದು ಕೊಡಚಾದ್ರಿಗೂ ಹೋಗಿ ಬರುವುದುಂಟು. 1,343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಹಾದಿಯನ್ನು ಹಾದಿಯೆನ್ನುವುದಕ್ಕಿಂತ ಕಲ್ಲುಕೊರಕಲುಗಳ ಸಾಲೆನ್ನುವುದೇ ಸರಿ. ಅಲ್ಲಿ ಪ್ರಯಾಣಿಕರ ಪ್ರಾಣ ಕಾಯುವ ಭಾಗಗಳಲ್ಲಿ ಯಾರ ಕಣ್ಣಿಗೂ ಬೀಳದಿರುವುದೊಂದುಂಟು. ಅದು ಹಿಂದಿನ ಶಾಕ್ ಅಬ್ಸಾರ್ಬರನ್ನು ಚಾಸಿಸ್ಸಿಗೆ ಹಿಡಿದಿಟ್ಟ ಬ್ರಾಕೆಟ್. ಅಂಗೈಯಗಲದ ಈ ಕಬ್ಬಿಣದ ತುಂಡಿನ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ಜೀಪು ನಮ್ಮ ನಗರಕ್ಕೆ ಹೊಸತಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ್ದು ಮುಂಬಯಿಯಲ್ಲಿಯೇ. ಆ ವಂಶದ ಹಳೆಯ ಗಾಡಿಗಳಲ್ಲಿ ಭಾರ ಹೊರುವುದು ಲೀಫ್ ಸ್ಪ್ರಿಂಗಿನ ಕೆಲಸ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದಷ್ಟೇ ಶಾಕಿನ ಕೆಲಸ. ಶಾಕಿನ ಹಿಡಿತ ತಪ್ಪಿತೆಂದರೆ ಹಿಂದಿನ ಚಕ್ರ ನೆಲ ಬಿಟ್ಟು ಪುಟಿಯತೊಡಗುತ್ತದೆ. ಇಳಿಜಾರಿನಲ್ಲಿ ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಫಲವೇನು?

ಬ್ರಾಕೆಟ್ ಮುರಿದೊಡನೆ ಸಮೀಪದ ವೆಲ್ಡಿಂಗ್ ಅಂಗಡಿಗೆ ಹೋಗಿ, ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿಸಿ, ಮತ್ತೆ ಬಾಡಿಗೆಗೆ ಹೊರಡುವುದು ಹಲವೆಡೆ ರೂಢಿಯಾಗಿದೆ. ಇದು ದುರಸ್ತಿಯಲ್ಲವೆಂಬುದೇ ನಮ್ಮ ವಾದ. ಬ್ರಾಕೆಟ್ ಕಾರಣವಿಲ್ಲದೆ ಮುರಿಯುವುದಿಲ್ಲ. ಬಂಪ್ ಸ್ಟಾಪ್ ರಬ್ಬರು ಸವೆದು ಉದುರಿಹೋಗಿದ್ದರೆ, ಅದು ತಾಳಬೇಕಾದ ಹೊಡೆತವೆಲ್ಲ ಶಾಕಿನ ಮೇಲೆ ಬೀಳುತ್ತದೆ. ಗಾಡಿಯನ್ನು ಎತ್ತರಿಸಲು ಉದ್ದನೆಯ ಶಾಕಲ್ ಹಾಕಿ, ಶಾಕನ್ನು ಮಾತ್ರ ಹಳೆಯ ಅಳತೆಯದನ್ನೇ ಉಳಿಸಿಕೊಂಡರೆ, ಚಕ್ರ ಕುಳಿಗಿಳಿದಾಗ ಇಡೀ ಆಕ್ಸಲ್ ಅದಕ್ಕೇ ಜೋತುಬೀಳುತ್ತದೆ. ಬುಷ್ ಸವೆದಿದ್ದರಂತೂ ಪ್ರತಿಯೊಂದು ಕಲ್ಲೂ ಒಂದು ಸುತ್ತಿಗೆಯೇಟು.

ಕಾರಣವನ್ನು ಹಾಗೆಯೇ ಬಿಟ್ಟು, ಬ್ರಾಕೆಟ್ಟನ್ನು ಮಾತ್ರ ಬಲಪಡಿಸಿದರೆ ಮುಂದಿನ ಸಲ ಹರಿಯುವುದು ಚಾಸಿಸ್. ಹೋಟೆಲು ನಡೆಸಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಅರೆಯುವ ಯಂತ್ರ ನಡುಗಿ ಬೋಲ್ಟು ಕಿತ್ತುಬಂದಾಗ ಇನ್ನೂ ದಪ್ಪದ ಬೋಲ್ಟು ಹಾಕಿದರೆ ನಡುಕ ನಿಲ್ಲದು, ನೆಲವೇ ಬಿರಿಯುತ್ತದೆ. ಬ್ರಾಕೆಟ್ ಹೋದರೆ ಹೋದದ್ದು ಒಂದು ತುಂಡು. ಚಾಸಿಸ್ ಹೋದರೆ ಗಾಡಿಯ ಬೆನ್ನೆಲುಬೇ ಹೋದಂತೆ.

ಹಾಗಾದರೆ ಸರಿಯಾದ ಕ್ರಮವೇನು? ಮೊದಲು ಆಕ್ಸಲನ್ನು ಪೂರ್ತಿ ಮೇಲೆತ್ತಿ, ಪೂರ್ತಿ ಕೆಳಗಿಳಿಸಿ ಅಳೆಯಬೇಕು. ಎರಡು ತುದಿಗಳಲ್ಲಿಯೂ ಶಾಕಿಗೆ ಸ್ವಲ್ಪ ಅವಕಾಶ ಉಳಿದಿರಬೇಕು. ಬಂಪ್ ಸ್ಟಾಪ್, ಬುಷ್‌ಗಳನ್ನು ಹೊಸದಾಗಿ ಹಾಕಬೇಕು. ಬ್ಯಾಟರಿಯ ತಂತಿ ಕಳಚಿ, ಬ್ರೇಕು ಮತ್ತು ಇಂಧನದ ಕೊಳವೆಗಳನ್ನು ಕಿಡಿಯಿಂದ ದೂರವಿರಿಸಬೇಕು. ತುಕ್ಕು ಕೆರೆದು, ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದರೆ ಅದು ಮುಂದೆ ಹರಿಯದು. ಬಳಿಕ ಬಿರುಕನ್ನು ಕಾಲುವೆಯಂತೆ ಅರೆದು ಬೆಸುಗೆ ತುಂಬಬೇಕು. ಅದರ ಮೇಲೆ, ಚಾಸಿಸ್ಸಿನಷ್ಟೇ ದಪ್ಪದ, ಬ್ರಾಕೆಟ್ಟಿಗಿಂತ ಅಗಲವಾದ, ತುದಿಗಳು ಚೂಪಾಗುತ್ತ ಹೋಗುವ ಪ್ಲೇಟನ್ನು ಕೂಡಿಸಿದರೆ ಹೊಡೆತ ಒಂದೆಡೆ ನಿಲ್ಲದೆ ಹರಡಿಹೋಗುತ್ತದೆ. ಚಾಸಿಸ್ಸಿಗೆ ಅಡ್ಡಲಾಗಿ ಮೇಲಿನಿಂದ ಕೆಳಗೆ ನೇರ ಬೆಸುಗೆ ಎಳೆಯುವುದು ತಪ್ಪು. ಮುಂದಿನ ಬಿರುಕು ಹುಟ್ಟುವುದು ಅಲ್ಲಿಯೇ. ಒಂದೇ ಕಡೆ ಹಿಡಿದ ಪಿನ್ನಿಗಿಂತ ಎರಡೂ ಕಡೆ ಹಿಡಿಯುವ ಕಿವಿಗಳು ಬಲವಾದುವು. ಕೊನೆಗೆ ಪ್ರೈಮರು, ಬಣ್ಣ. ಮಲೆನಾಡಿನ ಮಳೆಗೆ ಬರಿಯ ಕಬ್ಬಿಣ ಸಿಕ್ಕರೆ ಸಾಕು.

ಇಷ್ಟಕ್ಕೆ ಒಂದೆರಡು ದಿನದ ಬಾಡಿಗೆ ಹೋಗುವುದೆಂದು ಜೀಪಿನವರು ಹೇಳಬಹುದು. ಮಾತು ಸುಳ್ಳಲ್ಲ, ಅವರ ಸಂಸಾರವೂ ಆ ಚಕ್ರದ ಮೇಲೆಯೇ ನಡೆಯಬೇಕು. ಆದರೆ ಮಳೆಗಾಲ ಕಳೆದು ಯಾತ್ರಿಕರ ಸಂದಣಿ ಆರಂಭವಾಗುವ ಮುನ್ನ ಕಳೆಯುವ ಎರಡು ದಿನ, ಬೆಟ್ಟದ ನಡುವೆ ಕಳೆಯಬಹುದಾದ ಒಂದು ಪ್ರಾಣಕ್ಕಿಂತ ದೊಡ್ಡ ನಷ್ಟವೆನ್ನಲಾಗದು.

ಪ್ರಯಾಣಿಕರಾದ ನಮ್ಮ ಹೊಣೆಯೂ ಕಡಿಮೆಯಲ್ಲ. ಬಾಡಿಗೆ ಹಂಚಿಕೊಳ್ಳಲು ಇನ್ನೂ ಇಬ್ಬರನ್ನು ತುರುಕಿರೆಂದು ಒತ್ತಾಯಿಸುವವರು, ದುರಸ್ತಿಗೆ ಹೋಗಬೇಕಾದ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುವವರು ನಮ್ಮವರೇ ಅಲ್ಲವೇ? ಚಾಲಕನು ಇಂದು ಗಾಡಿ ಗ್ಯಾರೇಜಿನಲ್ಲಿದೆಯೆಂದರೆ ಬೇಸರಿಸದೆ ಕಾಯೋಣ. ಕೆಟ್ಟದ್ದನ್ನು ಕೆಟ್ಟಿದೆಯೆಂದು ಒಪ್ಪಿ ನಿಲ್ಲಿಸಿದವನೇ ಭರವಸೆಗೆ ಯೋಗ್ಯನು. ಅಂಥವನಿಗೆ ಎರಡು ಕಾಸು ಹೆಚ್ಚು ಕೊಟ್ಟು ಹತ್ತುವುದು ವಿವೇಕವೆಂಬುದು ನಮ್ಮ ದೃಢವಾದ ಅಭಿಪ್ರಾಯ.