ಮನೆ ರಿಪೇರಿಗೆ ಮುನ್ನ ಮನೆಮಂದಿಯ ಪಟ್ಟಿ ಮಾಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮನೆ ರಿಪೇರಿಯ ಮಾತನ್ನು ಎತ್ತಲಿಲ್ಲ. ಹೊಸ ಮನೆ ಕಟ್ಟುವಾಗ ನಾವು ಬೇರೆಡೆ ವಾಸವಾಗಿರುತ್ತೇವೆ. ರಿಪೇರಿ ಹಾಗಲ್ಲ. ಒಂದು ಕೋಣೆಯಲ್ಲಿ ಗೋಡೆ ಒಡೆಯುತ್ತಿರುತ್ತಾರೆ, ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುತ್ತಾರೆ, ನಡುಮನೆಯಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ, ಅಡುಗೆಮನೆಯಲ್ಲಿ ಸಾರು ಕುದಿಯುತ್ತಿರುತ್ತದೆ. ಎಲ್ಲದರ ಮೇಲೂ ದೂಳು ಕೂರುತ್ತದೆ.

ಬೇಸಿಗೆ ಬಂತೆಂದರೆ, ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಇಂಥ ಕೆಲಸ ಶುರುವಾಗುತ್ತದೆ. ಅದರ ಬೆನ್ನಿಗೇ ನಮ್ಮಂಥ ವೈದ್ಯರಲ್ಲಿಗೆ ಬರುವವರೂ ಹೆಚ್ಚುತ್ತಾರೆ. ಕೆಮ್ಮು ನಿಲ್ಲದ ಮಗು, ಇನ್‌ಹೇಲರ್ ಸಾಲದೆ ನೆಬ್ಯುಲೈಸರ್ ಬೇಕಾದ ಅಸ್ತಮಾ ರೋಗಿ, ಕಣ್ಣಿಗೆ ಸುಣ್ಣ ಸಿಡಿದ ಗಾರೆಯಾಳು, ಹೊಳೆಯುವ ಹೊಸ ಟೈಲ್ಸ್ ಮೇಲೆ ಜಾರಿ ಬಿದ್ದ ಅಜ್ಜ. ‘ಮನೆಯಲ್ಲಿ ಕೆಲಸ ನಡೀತಿದೆಯೇ?’ ಎಂದು ಕೇಳಿದರೆ, ‘ನಿಮಗೆ ಹೇಗೆ ಗೊತ್ತಾಯ್ತು ಡಾಕ್ಟ್ರೇ?’ ಎಂದು ಅಚ್ಚರಿಪಡುತ್ತಾರೆ.

ರಿಪೇರಿಗೆ ಹೊರಟವರು ಮಾಡುವ ಸಿದ್ಧತೆ ಕಡಿಮೆಯೇನಲ್ಲ. ಬ್ಯಾಂಕಿನ ಸಾಲ, ಮೇಸ್ತ್ರಿಯ ಎಸ್ಟಿಮೇಟು, ವಾಸ್ತು, ಒಳ್ಳೆಯ ದಿನ ಎಲ್ಲವನ್ನೂ ನೋಡುತ್ತಾರೆ. ನೋಡದಿರುವುದು ಒಂದೇ: ಆ ಮನೆಯಲ್ಲಿ ಉಸಿರಾಡುವವರು ಯಾರು ಯಾರು ಎಂಬುದನ್ನು. ನನ್ನ ಅಭಿಪ್ರಾಯ ಇಷ್ಟೆ. ಎಸ್ಟಿಮೇಟು ಬರೆಸುವ ಮೊದಲು ಮನೆಮಂದಿಯ ಪಟ್ಟಿ ಬರೆಯಬೇಕು. ಹಸುಗೂಸು, ಬಸುರಿ, ಅಸ್ತಮಾ ಇರುವವರು, ಎಪ್ಪತ್ತು ದಾಟಿದವರು ಆ ಪಟ್ಟಿಯಲ್ಲಿ ಮೊದಲು ಬರಬೇಕು. ಉಳಿದ ಯೋಜನೆಯೆಲ್ಲ ಅವರಿಗೆ ಹೊಂದುವಂತೆ ನಡೆಯಬೇಕು.

ಕಣ್ಣಿಗೆ ಕಾಣದ ದೂಳು

‘ನಮ್ಮ ಕಾಲದಲ್ಲಿ ದೂಳಿರಲಿಲ್ಲವೇ?’ ಎಂದು ಹಿರಿಯರು ಕೇಳುವುದುಂಟು. ಇತ್ತು. ಆದರೆ ಉಳಿ, ಸುತ್ತಿಗೆಯಿಂದ ಒಡೆದಾಗ ಏಳುವ ದೂಳಿನಲ್ಲಿ ದಪ್ಪ ಕಣಗಳೇ ಹೆಚ್ಚು. ಅವು ಬಹುಪಾಲು ಮೂಗು, ಗಂಟಲುಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಈಗ ಗ್ರಾನೈಟ್, ಟೈಲ್ಸ್ ಕೊಯ್ಯುವುದು ಕರೆಂಟಿನ ಮೆಷಿನ್ನಿನಿಂದ. ಅದರ ಬ್ಲೇಡು ಕಲ್ಲನ್ನು ಹಿಟ್ಟಿಗಿಂತ ನುಣ್ಣಗೆ ಮಾಡಿ ಗಾಳಿಗೆ ತೂರುತ್ತದೆ. ಗ್ರಾನೈಟ್, ಮರಳು, ಕಾಂಕ್ರೀಟು ಇವುಗಳಲ್ಲೆಲ್ಲ ಸಿಲಿಕಾ ಇದೆ. ಅದರ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿದು, ಅಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುವಂತೆ ಮಾಡುತ್ತವೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧವಿಲ್ಲ. ಈ ರೋಗವಿದ್ದವರಿಗೆ ಕ್ಷಯವೂ ಸುಲಭವಾಗಿ ಅಂಟುತ್ತದೆ.

ಎರಡು ತಿಂಗಳ ರಿಪೇರಿಯಿಂದ ಮನೆಯವರಿಗೆ ಸಿಲಿಕೋಸಿಸ್ ಬರುತ್ತದೆಂದು ಹೆದರಬೇಕಾಗಿಲ್ಲ. ಅವರಿಗೆ ಬರುವುದು ಕೆಮ್ಮು, ಉಬ್ಬಸ, ಅಲರ್ಜಿ. ಆದರೆ ಮೆಷಿನ್ ಹಿಡಿದ ಹುಡುಗ ಇವತ್ತು ನಿಮ್ಮ ಮನೆ, ನಾಳೆ ಪಕ್ಕದ ಬೀದಿ ಎಂದು ವರ್ಷಗಟ್ಟಲೆ ಅದೇ ದೂಳನ್ನು ಕುಡಿಯುತ್ತಾನೆ. ಅಡುಗೆಕಟ್ಟೆಗೆ ಈಚೆಗೆ ಹಾಕುವ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಂತೂ ಸಿಲಿಕಾ ಪ್ರಮಾಣ ಶೇ 90 ದಾಟಬಹುದು. ಅದನ್ನು ಕೊಯ್ಯುವ ಕೆಲಸಗಾರರು ಎಳೆಯ ವಯಸ್ಸಿನಲ್ಲೇ ಸಿಲಿಕೋಸಿಸ್‌ಗೆ ತುತ್ತಾಗುವುದನ್ನು ಕಂಡ ಆಸ್ಟ್ರೇಲಿಯಾ, 2024ರ ಜುಲೈ 1ರಿಂದ ಆ ಕಲ್ಲಿನ ಬಳಕೆಯನ್ನೇ ನಿಷೇಧಿಸಿತು.

ಪರಿಹಾರ ದುಬಾರಿಯಲ್ಲ. ಕೊಯ್ಯುವ ಕೆಲಸ ಮನೆಯ ಹೊರಗೆ ನಡೆಯಲಿ. ಬ್ಲೇಡಿಗೆ ನೀರು ಹಾಯಿಸಲೆಂದೇ ಮಾಡಿದ ಮೆಷಿನ್ ಬಳಸಲು ಹೇಳಿ. ನೀರು, ಕರೆಂಟು ಒಂದೆಡೆ ಸೇರುವುದರಿಂದ 30 ಮಿಲಿ ಆಂಪಿಯರಿನ ಇಎಲ್‌ಸಿಬಿಯನ್ನು ಕೆಲಸ ಶುರುವಾಗುವ ಮೊದಲೇ ಹಾಕಿಸಿ. ಮೂಗಿಗೆ ಕಟ್ಟಿದ ಟವೆಲ್ಲು ಸೂಕ್ಷ್ಮ ದೂಳನ್ನು ತಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮಾಸ್ಕೇ ಬೇಕು. ಸಂಜೆ ಒಣ ಪೊರಕೆಯಿಂದ ಗುಡಿಸಿದರೆ ಕೂತ ದೂಳು ಮತ್ತೆ ಮೇಲೇಳುತ್ತದೆ. ನೀರು ಚಿಮುಕಿಸಿ ಗುಡಿಸಿ, ನಂತರ ಒದ್ದೆಬಟ್ಟೆಯಿಂದ ಒರೆಸಿ.

ಹಳೆಯ ಬಣ್ಣ, ಹಳೆಯ ಶೀಟು

ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವಿದೆ. ಅದಕ್ಕಿಂತ ಹಿಂದೆ ಕಿಟಕಿ, ಬಾಗಿಲುಗಳಿಗೆ ಬಳಿದ ಆಯಿಲ್ ಪೇಂಟಿನಲ್ಲಿ ಹೆಚ್ಚು ಸೀಸ ಇದ್ದಿರಬಹುದು. ಒಣ ಉಪ್ಪುಕಾಗದದಿಂದ ಅದನ್ನು ಉಜ್ಜಿದಾಗ ಸೀಸ ದೂಳಾಗಿ ನೆಲ ಸೇರುತ್ತದೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಅದು ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ, ಬಸುರಿಯ ಹೊಟ್ಟೆಯ ಕೂಸನ್ನೂ ಬಿಡುವುದಿಲ್ಲ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಿಸಿ. ಬೆಂಕಿಯಿಂದ ಸುಟ್ಟು ತೆಗೆಯಲು ಬಿಡಬೇಡಿ.

ಹಿತ್ತಲಿನ ಕಲ್ನಾರಿನ ಶೀಟು, ಅಂದರೆ ಆಸ್ಬೆಸ್ಟಾಸ್, ಅಲುಗಾಡದೆ ಇರುವಷ್ಟು ದಿನ ಅಷ್ಟಾಗಿ ಕಾಡುವುದಿಲ್ಲ. ಸುತ್ತಿಗೆಯಿಂದ ಒಡೆದಾಗ ಅದರ ನಾರು ಗಾಳಿಗೆ ಬರುತ್ತದೆ. ಆ ನಾರಿನಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಹಲವು ದಶಕಗಳೇ ಹಿಡಿಯಬಹುದು. ಶೀಟನ್ನು ಚೆನ್ನಾಗಿ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಅದರ ಚೂರುಗಳನ್ನು ಅಂಗಳದ ಹಳ್ಳಕ್ಕೆ ತುಂಬಬಾರದು.

ನಿಂತ ನೀರಿನದು ಇನ್ನೊಂದು ಕಥೆ. ಕ್ಯೂರಿಂಗಿಗೆಂದು ತುಂಬಿಟ್ಟ ಡ್ರಮ್ಮು, ಮುಚ್ಚಳವಿಲ್ಲದ ಸಂಪು, ಸಿಮೆಂಟಿನ ಬಾಂಡ್ಲಿ ಎಲ್ಲವೂ ಡೆಂಗಿ ಸೊಳ್ಳೆಗೆ ಹೆರಿಗೆಮನೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಬರಿದು ಮಾಡಿ, ಒಳಗೋಡೆ ಉಜ್ಜಿ, ಒಣಗಿಸಬೇಕು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಕಟ್ಟಡ ಕೆಲಸದ ಜಾಗಗಳೂ ಅದರಲ್ಲಿ ಸೇರಿದ್ದವು.

ಹಣ ಮೊದಲು ಬಚ್ಚಲಿಗೆ

ಇನ್ನು ಖರ್ಚಿನ ಮಾತು. ಮುಂಬಾಗಿಲ ಅಂದ, ಹಾಲಿನ ಫಾಲ್ಸ್ ಸೀಲಿಂಗು ಇವುಗಳಿಗೆ ಕೈಬಿಚ್ಚಿ ಖರ್ಚು ಮಾಡುವವರು ಬಚ್ಚಲಿಗೆ ಬಂದಾಗ ‘ಇರಲಿ ಬಿಡಿ, ಮುಂದೆ ನೋಡೋಣ’ ಎನ್ನುತ್ತಾರೆ. ವಯಸ್ಸಾದವರು ಮನೆಯೊಳಗೆ ಬೀಳುವ ಜಾಗಗಳಲ್ಲಿ ಬಚ್ಚಲು ಮುಖ್ಯವಾದದ್ದು. ಸವೆದ ಮೂಳೆಗೆ ಸಣ್ಣ ಪೆಟ್ಟೂ ದೊಡ್ಡದೇ. ಸೊಂಟದ ಬಳಿ ತೊಡೆಮೂಳೆ ಮುರಿದರೆ ಆಪರೇಷನ್, ಹಾಸಿಗೆ, ಬೆನ್ನುಹುಣ್ಣು, ನ್ಯುಮೋನಿಯಾ ಒಂದರ ಹಿಂದೊಂದು ಬರಬಹುದು. ಅಲ್ಲಿಯವರೆಗೆ ಓಡಾಡಿಕೊಂಡಿದ್ದ ಎಷ್ಟೋ ಹಿರಿಯರು ಮತ್ತೆ ಮೊದಲಿನಂತಾಗುವುದೇ ಇಲ್ಲ.

ಬಚ್ಚಲಿಗೆ ಜಾರದ, ಒರಟು ಮೈಯ ಟೈಲ್ಸ್ ಹಾಕಿಸಿ. ಕಮೋಡಿನ ಪಕ್ಕದಲ್ಲಿ, ಸ್ನಾನದ ಜಾಗದಲ್ಲಿ ಸ್ಟೀಲಿನ ಹಿಡಿಕೆ ಇರಲಿ. ಅದು ಗೋಡೆಗೆ ಭದ್ರವಾಗಿರಬೇಕು, ಟವೆಲ್ಲು ಹಾಕುವ ಸರಳು ಮನುಷ್ಯನ ಭಾರ ತಡೆಯದು. ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡಲಾಗಿ ಬಿದ್ದವರನ್ನು ಹೊರತರುವುದು ಕಷ್ಟ. ಬಾಗಿಲ ಅಗಲ ಮೂರಡಿ ಇದ್ದರೆ ಮುಂದೆ ಗಾಲಿಕುರ್ಚಿ ಬೇಕಾದರೂ ಒಡೆಯುವ ಪ್ರಮೇಯ ಬಾರದು. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಇಡಲೇಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದಿರುವುದೇ ಅದರ ಸುಳಿವು.

ಬಾಡಿಗೆ ಮನೆ ಹಿಡಿಯಲಾಗದವರಿಗೆ

‘ರಿಪೇರಿಗೇ ಸಾಲ ಮಾಡಿದ್ದೇವೆ, ಮತ್ತೊಂದು ಮನೆಗೆ ಬಾಡಿಗೆ ಎಲ್ಲಿಂದ ತರೋಣ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎರಡು ತಿಂಗಳೂ ಮನೆ ಬಿಡಬೇಕಾಗಿಲ್ಲ. ಒಡೆಯುವುದು, ಕೊಯ್ಯುವುದು, ಹಳೆ ಬಣ್ಣ ಕೆರೆಯುವುದು ಇವನ್ನು ಆದಷ್ಟೂ ಒಟ್ಟಿಗೆ, ಕೆಲವೇ ದಿನಗಳಲ್ಲಿ ಮುಗಿಸುವಂತೆ ಮೇಸ್ತ್ರಿಯೊಡನೆ ಮೊದಲೇ ಮಾತಾಡಿಕೊಳ್ಳಿ. ಆ ದಿನಗಳ ಮಟ್ಟಿಗೆ ಮಕ್ಕಳು ಅಜ್ಜಿಮನೆಗೆ, ಅಜ್ಜಿ ಮಗಳ ಮನೆಗೆ ಹೋಗಿರಲಿ. ಅದೂ ಆಗದಿದ್ದರೆ ಕೆಲಸ ನಡೆಯುವ ಜಾಗದಿಂದ ದೂರದ ಒಂದು ಕೋಣೆಯನ್ನು ಬಿಡಿಸಿಕೊಂಡು, ಬಾಗಿಲ ಸಂದಿಗೆ ಒದ್ದೆಬಟ್ಟೆ ಒತ್ತಿ, ಅವರಿಗೆಂದೇ ಮೀಸಲಿಡಿ. ಅಸ್ತಮಾ ಔಷಧವನ್ನು ಕೆಲಸದ ದಿನಗಳಲ್ಲಿ ಯಾರೂ ತಾವಾಗಿ ನಿಲ್ಲಿಸಬಾರದು. ಬಣ್ಣ ಬಳಿದ ಮೇಲೆ ಕಿಟಕಿ ತೆರೆದಿಟ್ಟು, ವಾಸನೆ ಹೋದ ನಂತರವೇ ಅಲ್ಲಿ ಮಗುವನ್ನು ಮಲಗಿಸಿ.

ಮನೆಮಂದಿಯ ಪಟ್ಟಿಯಲ್ಲಿ ಕೆಲಸಕ್ಕೆ ಬರುವವರ ಹೆಸರೂ ಇರಲಿ. ಅದೆಲ್ಲ ಕಂಟ್ರಾಕ್ಟರನ ಹೊಣೆ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ, ಕೆಲಸ ನಡೆಯುತ್ತಿರುವುದು ನಮ್ಮ ಸೂರಿನಡಿ. ಸುಣ್ಣ, ಸಿಮೆಂಟು ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 20 ನಿಮಿಷ ಶುದ್ಧ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಓಡಿ. ಮೊಳೆ ಚುಚ್ಚಿದರೆ ಸೋಪು, ನೀರಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಅಂದೇ ವೈದ್ಯರನ್ನು ಕೇಳಿ.

ಮಾಸ್ಕು, ಹಿಡಿಕೆ, ಇಎಲ್‌ಸಿಬಿ ಎಲ್ಲ ಸೇರಿದರೂ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಪಾಲು. ಮುಂದಿನ ಸಲ ಮೇಸ್ತ್ರಿ ಎಸ್ಟಿಮೇಟಿನ ಹಾಳೆ ತಂದಾಗ, ಮೊತ್ತ ನೋಡುವ ಮೊದಲು ಇವು ಅದರಲ್ಲಿ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ನೀವೇ ಬರೆದು ಸೇರಿಸಿ.